ಬೆಳಕಿಂಡಿ ಮ್ಯಾಲಿನ ಗಡಗಿ

ತೇರದಾಳದ ಆ ಸಾವ್ಕಾರ್ರ ಮನ್ಯಾಗ ಏಳು ತಲಿಯಿಂದ ಬಳ್ಳೊಳ್ಳಿ ಹೊಸ್ತಿಲಾ ದಾಟಿದ್ದಿಲ್ಲ. ಜೈನರ ಮನಿ. ನೆಲದಾಗ ಬೆಳಿಯೂ ಗಡ್ಡಿ ಒಂದೂ ಒಳಗ ಬರೂಹಂಗಿಲ್ಲ. ಅಂಥಾ ಮನ್ಯಾಗ ಒಂದು ಮುಂಜಾನೆ ಬಳ್ಳೊಳ್ಳಿ ವಾಸನಿ ಎದ್ದು, ಪಡಸಾಲಿ ದಾಟಿ, ಸೀದಾ ದೇವರ ಖೋಲಿ ಬಾಗಲಕ್ಕ ಹೋಗಿ ನಿಂತಿತು. ಅದನ್ನ ಕರಕೊಂಡು ಬಂದಾವ ನಾನು.

ನಾ ರಬಕವಿ ನೇಕಾರ್ರ ಮಗ. ನಾ ಮಗ್ಗಕ್ಕ ಕುಂತ್ರ ಲಾಳಿ ಹಾರಿ ಬೀದ್ಯಾಗಿನ ನಾಯಿಗೆ ಬಡೀತಿತ್ತು. ನಾಯಿಗೋಳ ಮ್ಯಾಲ ಕರುಣಾ ಹುಟ್ಟಿ ನಮ್ಮಪ್ಪ ನನ್ನ ಪೈಪಿನ ಮೇಸ್ತ್ರಿ ಕೈಯಾಗ ಕೊಟ್ಟಿದ್ದ. ಆ ಚಳಿಗಾಲಕ್ಕ ಮೇಸ್ತ್ರಿಗೆ ಮುಧೋಳದಾಗ ಒಂದು ಲಗ್ನದ ಮನಿಗೆ ಗ್ಯಾಸಿನ ದೀಪ ಕೂಡಸೂ ಕೆಲಸ ಬಂದಿತ್ತು. ತೇರದಾಳದ ಕೆಲಸಕ್ಕ ನನ್ನೊಬ್ಬನ್ನ ಕಳಿಸಿದ್ರು. ಮೇಸ್ತ್ರಿ ಕೈಯಾಗ ಬ್ಯಾರೆ ಆಳು ಯಾರೂ ಇರಲಿಲ್ಲ ಅನ್ನೂದೊಂದ ನನ್ನ ಯೋಗ್ಯತಾ.

ಹೋಗೂಮುಂದ ಮೇಸ್ತ್ರಿ ನನ್ನ ಕಿವಿ ಹಿಡದು ಹೇಳಿದ್ರು. "ಕಾರ್ಬೈಡ್ ಗ್ಯಾಸಿಗೆ ತಾಮ್ರದ ಪೈಪ್ ಜೋಡಸಬ್ಯಾಡ. ತಾಮ್ರದಾಗ ಅದು ಕುಂತು ಕುಂತು ಸಿಡಿಮದ್ದು ಆಗತೈತಿ. ಕಬ್ಬಿಣದ್ದ ಜೋಡಸು. ಮತ್ತ ಹೊಗಿ ಹೋಗಾಕ ದಾರಿ ಇಲ್ಲದ ಒಲಿಗೆ ಕಡ್ಡಿ ಗೀರಬ್ಯಾಡ. ತಿಳೀತ?"

"ತಿಳೀತ್ರಿ."

"ನಿನಗ ತಿಳೀತು ಅಂದ್ರ ನನಗ ಅಂಜಿಕಿ ಬರತೈತಿ," ಅಂದ್ರು.

ಕೆಲಸ ಹಿಂಗಿತ್ತು. ಸಾವ್ಕಾರ್ರ ಮನಿ ಹಿತ್ತಲದಾಗ ಮೊದಲ ಒಂದು ಕಾರ್ಬೈಡ್ ಗ್ಯಾಸಿನ ಹಂಡೆ ಇತ್ತು. ಕೆಳಗ ಒಂದು ದೊಡ್ಡ ನೀರಿನ ತೊಟ್ಟಿ, ಅದರಾಗ ಬೋರಲ ಹಾಕಿದ ಇನ್ನೊಂದು ಹಂಡೆ. ಕಾರ್ಬೈಡ್ ಹಳ್ಳಿನ ಮ್ಯಾಲ ನೀರ ಹನಿ ಬಿದ್ದಂಗ ಗ್ಯಾಸು ಹುಟ್ಟಿ, ಬೋರಲ ಹಂಡೆ ಮೆಲ್ಲಕ ಮ್ಯಾಲ ಏಳತಿತ್ತು, ನಿದ್ದಿಯಾಗ ಉಸರ ತಗೊಂಡ ಎಮ್ಮಿ ಹೊಟ್ಟಿ ಏರಿದಂಗ. ಅಲ್ಲಿಂದ ಪೈಪು ಪಡಸಾಲಿ ದೀಪಗೋಳಿಗೆ ಹೋಗಿತ್ತು. ಈಗ ಅದ ಪೈಪಿನಿಂದ ಒಂದು ಕವಲು ತಗದು ಬಾಣಂತಿ ಖೋಲಿಯೊಳಗ ಮುಂಬಯಿಂದ ಬಂದ ಗ್ಯಾಸಿನ ಒಲಿ ಜೋಡಸಬೇಕು. ಅಡಗಿ ಒಲಿ ಅಲ್ಲ ಅದು. ಗ್ವಾಡಿಗೆ ಆನಿಕೊಂಡು ನಿಂದ್ರೂ ಕಬ್ಬಿಣದ ಗೂಡು, ಮಾರಿಗೆ ಬಿಳಿ ಮಣ್ಣಿನ ಜಾಳಗಿ. ಹಚ್ಚಿದ್ರ ಜಾಳಗಿ ಕೆಂಪಾಗಿ ಖೋಲಿ ಬೆಚ್ಚಗ ಆಗತೈತಿ, ಹೊಗಿ ಇರಂಗಿಲ್ಲ.

ಹೊಗಿ ಇರಂಗಿಲ್ಲ ಅನ್ನೂದರ ಸಲುವಾಗಿನ ಸಾವ್ಕಾರ್ರು ಅದನ್ನ ತರಿಸಿದ್ರು. ಅವರ ಮಗಳು ಚೊಚ್ಚಲ ಬಾಣಂತನಕ್ಕ ಇದ ಖೋಲ್ಯಾಗ ಮಲಗಿದ್ಳು. ಎಲ್ಲಾ ಮನ್ಯಾಗಿನಂಗ ಕಿಡಕಿ ಮುಚ್ಚಿ, ಬಾಗಲ ಸಂದಿಗೆ ಅರಬಿ ತುರುಕಿ, ಹೊರಸಿನ ಕೆಳಗ ಇದ್ದಲಿ ಅಗ್ಗಿಷ್ಟಿಗಿ ಇಟ್ಟಿದ್ರು. ಕೂಸು ಹೊಗಿಯೊಳಗ ಕೆಮ್ಮಿ ಕೆಮ್ಮಿ ಒಂದು ವಾರನೂ ಉಳೀಲಿಲ್ಲ. ಈಗ ಆ ಮಗಳಿಗೆ, ನಮ್ಮ ಅಕ್ಕಾರಿಗೆ, ಮತ್ತ ದಿನ ತುಂಬಿದ್ವು. ಇವತ್ತೋ ನಾಳೆಯೋ ಅನ್ನೂಹಂಗ ಹೊಟ್ಟಿ ಹೊತ್ತು ಪಡಸಾಲಿ ಕಂಬಕ್ಕ ಆನಿ ಕುಂತಿದ್ರು. ನಾ ಪೈಪ್ ಹೊತಗೊಂಡು ಒಳಗ ಬಂದಾಗ ನನ್ನ ಮಾರಿ ನೋಡಿ, "ಮೇಸ್ತ್ರಿ ಯಾವಾಗ ಬರತಾರ?" ಅಂದ್ರು.

"ನಾನ ರೀ ಅಕ್ಕಾರ, ಮೇಸ್ತ್ರಿ ಕಳಿಸಿದಾವ."

"ಹಂಗಾರ ನಾ ಒಂದು ತಿಂಗಳ ತಡೀಬೇಕಾತು," ಅಂತ ಹೊಟ್ಟಿ ಮ್ಯಾಲ ಕೈ ಆಡಿಸಿದ್ರು.

ಸಾವ್ಕಾರ್ರಿಗೆ ತಾಮ್ರದ ಪೈಪ್ ಬೇಕಾಗಿತ್ತು. "ದೇವರ ತಂಬಗಿನ ತಾಮ್ರದ್ದು ಇರತೈತಿ, ಕೂಸಿನ ಖೋಲಿಗೆ ಕಬ್ಬಿಣ ಯಾಕೋ ತಮ್ಮಾ?" ಅಂತ ಕೇಳಿದ್ರು. ಮೇಸ್ತ್ರಿ ಮಾತು ಹೇಳಿದೆ. ಸಿಡೀತೈತಿ ಅಂದ ಕೂಡಲೆ ತಾಮ್ರದ ಆಶಾ ಬಿಟ್ಟು ನನ್ನಿಂದ ದೂರ ಸರದು ನಿಂತ್ರು.

ಮೊದಲ ಹಿತ್ತಲದಾಗಿನ ಮುಖ್ಯ ನಳದ ಚಾವಿ ಬಂದ್ ಮಾಡಿದೆ. ಪೈಪಿನ್ಯಾಗ ಉಳದ ಗ್ಯಾಸು ಹೋಗಲಿ ಅಂತ ಕಿಡಕಿ ಬಾಗಲಾ ತಗದಿಟ್ಟೆ. ಅಡಗಿ ಮನಿ ಒಲಿ ಆರಸ್ರಿ ಅಂತ ಹೇಳಿದ್ದಕ್ಕ ಸಾವ್ಕಾರ್ರ ತಾಯಿ, ಆಯಿ, ನನ್ನ ಹೆಸರಲೆ ಉಪಾಸ ಹಿಡದಂಗ ಮಾರಿ ಮಾಡಿದ್ರು. ಪೈಪ್ ಕೊಯ್ದೆ, ತಿರುವಿ ಕೂಡಸಾಕ ತುದಿಗೆ ಹಲ್ಲು ಕೊರದೆ. ಕಬ್ಬಿಣದ ಹಲ್ಲಿನ ಸಂದಿಯೊಳಗ ಗ್ಯಾಸು ನುಸುಳಬಾರದು ಅಂತ ನೂಲು ಸುತ್ತಿ, ಅದಕ್ಕ ಅಗಸಿ ಎಣ್ಣ್ಯಾಗ ಕಲಿಸಿದ ಸಫೇದಾ, ಬಿಳಿ ಸೀಸದ ಪುಡಿ, ಬಳದು ತಿರುವಬೇಕು. ನೂಲು ಅಂದ್ರ ನಮ್ಮ ಕುಲಕಸುಬು. ಮನಿಯಿಂದ ಮಗ್ಗದ ಮ್ಯಾಲಿನ ಛಲೋ ನೂಲು ತಂದಿದ್ದೆ. ಇದೊಂದು ಕೆಲಸದಾಗ ಮೇಸ್ತ್ರಿನೂ ನನ್ನ ಕಾಲಿಗೆ ಬೀಳಬೇಕು ಅಂತ ಹಾಡ ಗುನುಗಿಕೋತ ಸುತ್ತಿದೆ.

ಮರುದಿನ ಮುಂಜಾನೆ ಹಂಡೆಗೆ ಕಾರ್ಬೈಡ್ ಹಾಕಿ, ಚಾವಿ ತಗದು, ಒಲಿ ಮುಂದಿನ ಸಣ್ಣ ಚಾವಿ ಮುಚ್ಚಿಟ್ಟೆ. ಸ್ವಲ್ಪ ಹೊತ್ತಿನ್ಯಾಗ ಆಯಿ ಮೂಗಿಗೆ ಸೆರಗ ಹಿಡಕೊಂಡು ಬಂದ್ರು.

"ಲೇ ಹುಡುಗಾ, ಏನ್ ತಿಂದು ಬಂದಿ?"

ಖರೆ ಹೇಳಬೇಕಂದ್ರ ನಾ ಬುತ್ತ್ಯಾಗ ರೊಟ್ಟಿ ಜೋಡಿ ಬಳ್ಳೊಳ್ಳಿ ಚಟ್ನಿ ತಂದು, ಊರ ಹೊರಗ ಬಾವಿ ದಂಡಿಗೆ ಕುಂತು ತಿಂದಿದ್ದೆ. ಸುಳ್ಳು ಹೇಳಾಕ ಬಾಯಿ ತಗೀಬೇಕು, ಬಾಯಿ ತಗದ್ರ ಖರೆ ಹೊರಗ ಬೀಳತೈತಿ. ಸುಮ್ಮಕ ಹಿತ್ತಲಕ್ಕ ಹೋಗಿ ಬಾಯಿ ಮುಕ್ಕಳಿಸಿ, ಬೇವಿನ ಕಡ್ಡಿ ಅಗದು ಬಂದೆ.

"ಇನ್ನೂ ನಾರತೈತಿ."

ಇದ್ದಲಿ ಪುಡಿಲೆ ಹಲ್ಲ ತಿಕ್ಕಿದೆ. ಅಕ್ಕಾರು ಯಾಲಕ್ಕಿ ಕೊಟ್ರು, ಅದನ್ನೂ ಅಗದೆ. ತಲಿ ಮ್ಯಾಲ ನೀರ ಹಾಕ್ಕೊಂಡೆ. ಆಯಿ ನನ್ನ ಸುತ್ತ ಒಂದು ಸುತ್ತು ಹಾಕಿ, ಮೂಗು ಆಡಿಸಿ, "ಮತ್ತಟು ಹೆಚ್ಚಾಗೇತಿ," ಅಂದ್ರು. ನನ್ನ ಬಾಯಿ ಇಡೀ ಮನಿ ತುಂಬೂವಟು ದೊಡ್ಡದು ಅಂತ ನಾನೂ ನಂಬಿಬಿಟ್ಟಿದ್ದೆ. ಚಳಿಯೊಳಗ ಅಂಗಳದ ತುದಿಗೆ ಹೋಗಿ ನಡುಗಿಕೋತ ನಿಂತೆ. ನಾ ಅಲ್ಲಿದ್ದೆ, ವಾಸನಿ ಒಳಗ ಇತ್ತು. ಆವಾಗ ತಲಿಯೊಳಗ ದೀಪ ಹತ್ತಿತು. ಕಾರ್ಬೈಡ್ ಗ್ಯಾಸಿಗೂ ಕೊಳತ ಬಳ್ಳೊಳ್ಳಿ ವಾಸನಿನ ಇರತೈತಿ. ಬಳ್ಳೊಳ್ಳಿ ತಿನ್ನೂ ನಮ್ಮ ಮನ್ಯಾಗ ಅದು ಸೋರಿದ್ರ ಯಾರಿಗೂ ತಿಳೀತಿದ್ದಿಲ್ಲ. ಆಯಿ ಮೂಗಿಗೆ ಎರಡು ಖೋಲಿ ದಾಟಿ ತಿಳದಿತ್ತು.

"ಯಾರೂ ಕಡ್ಡಿ ಗೀರಬ್ಯಾಡ್ರಿ," ಅಂತ ಒದರಿಕೋತ ಓಡಿ ಮುಖ್ಯ ಚಾವಿ ಮುಚ್ಚಿದೆ. ಬಾಗಲಾ ಕಿಡಕಿ ಎಲ್ಲಾ ತಗಸಿ ವಾಸನಿ ಪೂರಾ ಹೋಗೂತನಕ ಎಲ್ಲಾರ್ನೂ ಅಂಗಳಕ್ಕ ಕಳಿಸಿದೆ. ಆಮ್ಯಾಲ ಅಂಟವಾಳಕಾಯಿ ನೆನಸಿ, ಕಲಕಿ, ಬುರುಗು ಎಬ್ಬಿಸಿ, ಚಾವಿ ಒಂದೀಟ ತಗದು, ಪೈಪಿಗೆ ಪೈಪು ಕೂಡೂ ಒಂದೊಂದು ಜೋಡಿಗೂ ಬುರುಗು ಹಚ್ಚಿಕೋತ ಬಂದೆ. ಮೊದಲನೇ ಜೋಡಿ ಮ್ಯಾಲ ಗುಳ್ಳಿ ಬಂತು, ಎರಡನೇದರ ಮ್ಯಾಲೂ ಬಂತು. ಗುಳ್ಳಿಗೋಳು ದೊಡ್ಡವಾಗಿ, ಬಣ್ಣ ಬಣ್ಣದವಾಗಿ, ಕನಸಿನಂಗ ತೇಲಿ ಹೊಂಟ್ವು. ಅಷ್ಟು ಛಂದ ಗುಳ್ಳಿ ನಾ ನೋಡಿದ್ದಿಲ್ಲ. ಒಂದೊಂದೂ ನನ್ನ ಮರ್ಯಾದಿ ಹೊತಗೊಂಡು ಮಾಳಗಿ ಕಡೆ ಹೋಗಿ ಒಡೀತಿತ್ತು.

ಜೋಡಿ ಬಿಚ್ಚಿ ನೋಡಿದ್ರ ನೂಲು ಎಲ್ಲಾ ಹೊರಗ ಉಬ್ಬಿ ಬಂದಿತ್ತು. ಪೈಪಿನ ಹಲ್ಲು ತಿರಗೂ ಕಡೆಗೇ ನೂಲು ಸುತ್ತಬೇಕು. ನಾನೋ, ಸಣ್ಣಾಂವ ಇದ್ದಾಗಿಂದ ಕಂಡಿಕಿಗೆ ನೂಲು ಸುತ್ತಿದ ಕೈ, ಅದ ರೂಢಿಲೆ ಉಲ್ಟಾ ಸುತ್ತಿದ್ದೆ. ನೂಲಿನ ಊರಾಗ ಹುಟ್ಟದಿದ್ದಾವ ಈ ತಪ್ಪ ಮಾಡತಿದ್ದಿಲ್ಲ.

ಎಲ್ಲಾ ಬಿಚ್ಚಿ ಸರಿಯಾಗಿ ಸುತ್ತಿದೆ. ಈ ಸಲ ಹಂಡೆ ತುಂಬ ಏರಿದ ಮ್ಯಾಲ ಎಲ್ಲಾ ಚಾವಿ ಮುಚ್ಚಿ, ಹಂಡೆ ಮ್ಯಾಲ ನೀರಿನ ಮಟ್ಟಕ್ಕ ಸುಣ್ಣದ ಗೀಟು ಹಾಕಿ, ಅದರ ಮುಂದ ಕುಂತೆ. ಎಲ್ಲೆರ ಸೋರಿದ್ರ ಹಂಡೆ ಇಳದು ಗೀಟು ಮುಳಗತೈತಿ. ಬಿಸಲು ಸರೀತು, ಗುಬ್ಬಿ ಬಂದು ಹಂಡೆ ಮ್ಯಾಲ ಕುಂತು ಹೋತು, ಗೀಟು ಇದ್ದಲ್ಲೇ ಇತ್ತು. ಆಯಿನೂ ಖೋಲಿ ತಿರಗಿ ಮೂಗಿಲೆ ಪಾಸು ಮಾಡಿದ್ರು.

ಒಲಿ ಹಿಂದಿನಿಂದ ಒಂದು ಹೊಗಿ ಕೊಳವಿ ಎಬ್ಬಿಸಿ, ಮಾಳಗಿ ಬೆಳಕಿಂಡ್ಯಾಗ ಹಾಯಿಸಿ ಹೊರಗ ತಗದಿದ್ದೆ. ಕಡ್ಡಿ ಗೀರಿದೆ. ಜಾಳಗಿ ಕೆಂಪಾಗೂ ಬದಲಿ ಮಾರಿ ಮ್ಯಾಲ ಹಳದಿ ಉರಿ ನಾಲಗಿ ಚಾಚಿತು. ಅದರ ತುದಿಯಿಂದ ಕರಿ ಎಳಿ, ಸಣ್ಣ ಸಣ್ಣ ಎಳಿ, ಎದ್ದು ಗಾಳಿಯೊಳಗ ತೇಲಾಕತ್ವು. ಯಾರೋ ಕಾಣದ ಮಗ್ಗದಾಗ ಕತ್ತಲಿ ನೇಯಾಕತ್ತಾರ ಅನಸ್ತು. ಮೆಲ್ಲಕ ಇಳದು ಆಯಿ ಬಿಳಿ ತಲಿ ಮ್ಯಾಲ ಕುಂತ್ವು.

"ಮುಂಬಯಿಯವ್ರಿಗೆ ಇದನ್ನ ಹೊಗಿ ಅನ್ನಂಗಿಲ್ಲೇನು?" ಅಂದ್ರು ಆಯಿ.

ಪೆಟ್ಟಿಗ್ಯಾಗ ಒಲಿ ಜೋಡಿ ಗ್ಯಾಸು ಚಿಮ್ಮೂ ಮೂತಿ ಎರಡು ಬಂದಿದ್ವು. ಒಂದು ದೊಡ್ಡ ತೂತಿಂದು, ಪಟ್ಟಣದ ಗ್ಯಾಸಿಗೆ. ಒಂದು ಸೂಜಿ ಮೊನಿಯಷ್ಟು ತೂತಿಂದು, ಕಾರ್ಬೈಡ್ ಗ್ಯಾಸಿಗೆ. ಸಾವ್ಕಾರ್ರ ಮನಿ, ಸಣ್ಣದ್ಯಾಕ ಅಂತ ನಾ ದೊಡ್ಡದು ಹಾಕಿದ್ದೆ. ಚಾವಿ ಮುಚ್ಚಿ, ಒಲಿ ಆರಿದ ಮ್ಯಾಲ ಮೂತಿ ಬದಲಿ ಮಾಡಿದೆ. ಈಗ ನೀಲಿ ಉರಿ ಸಣ್ಣಗ ಸುಂಯ್ ಅಂತ ಹತ್ತಿತು. ಜಾಳಗಿ ಮೊದಲ ಗುಲಾಬಿ, ಆಮ್ಯಾಲ ಸಂಜಿ ಹೊತ್ತಿನ ಹೊಳಿ ನೀರಿನ ಬಣ್ಣಾತು. ಅಕ್ಕಾರು ಬಾಗಲದಾಗ ನಿಂತು ಅದರ ಕಡೆ ಅಂಗೈ ಹಿಡದ್ರು. ನಾ ಅವರ ಮಾರಿ ನೋಡದ ಪೈಪು ಕಚ್ಚಿ ಹಿಡಿಯೂ ಪಕ್ಕಡ ವರಸಿಕೋತ ಕುಂತೆ.

ಸಾವ್ಕಾರ್ರು, "ಬಾಣಂತಿ ಮಲಗಿದಾಗ ಹೆಂಗ ಇರತೈತೋ ಹಂಗ ಬಾಗಲಾ ಮುಚ್ಚಿ ಒಂದು ಹೊತ್ತು ಉರಿಸಿ ನೋಡೋ ತಮ್ಮಾ," ಅಂದ್ರು. ಒಳಗ ಯಾರೆರ ಕುಂದ್ರಬೇಕಲ್ಲ. ನಾನ ಕುಂತೆ. ಹೊರಸಿನ ಮ್ಯಾಲ ಕಾಲ ಚಾಚಿ, ತಲಿಗೆ ವಸ್ತ್ರ ಕಟಗೊಂಡು, ಕೌದಿ ಹೊತಗೊಂಡೆ. ಬಾಣಂತಿ ಖೋಲಿ ಪದ್ಧತಿಯಂಗ ಆಯಿ ಗ್ವಾಡಿ ಮಾಡದಾಗ ಎಣ್ಣಿ ಪಣತಿ ಹಚ್ಚಿಟ್ರು. ಬಾಣಂತಿ ಇರೂತನಕ ಅದು ಆರೂಹಂಗಿಲ್ಲ. ಕಿಡಕಿ ಬಾಗಲಾ ಮುಚ್ಚಿದ್ರು, ಸಂದಿಗೆ ಅರಬಿ ತುರುಕಿದ್ರು. ಹೊರಗ ಅಕ್ಕಾರು ಬಾಗಲಿಗೆ ಬೆನ್ನ ಹಚ್ಚಿ ಕುಂತ್ರು.

"ಏನವಾ ಬಾಣಂತಿ, ಆರಾಮದೀಯ?"

"ಅಂಟಿನುಂಡಿ ಕೊಡ್ರಿ ಯಕ್ಕಾ, ಮೈಯಾಗ ಶಕ್ತಿ ಇಲ್ಲ."

"ಕೂಸು ಯಾರಂಗೈತಿ?"

"ಪಕ್ಕಡದಂಗೈತ್ರಿ. ಬಾಯಿ ತಗದಿದ್ದು ಮುಚ್ಚವಲ್ದು."

ಅವರು ನಕ್ಕಿದ್ದು ಬಾಗಲಾ ದಾಟಿ ಕೇಳಸ್ತು. ನನಗ ಬೆಚ್ಚಗ ಆಗಿತ್ತು. ಸುಂಯ್ ಅನ್ನೂ ಉರಿ ಸದ್ದು ದೂರ ದೂರ ಸರದು, ನಮ್ಮ ಬೀದ್ಯಾಗಿನ ಮಗ್ಗಗೋಳ ಸದ್ದಾತು. ಕಾಲಾಗಿನ ಚಳಿ ಹೋತು, ಆಮ್ಯಾಲ ಕಾಲು ಹೋದ್ವು. ಕೃಷ್ಣಾ ಹೊಳಿ ಗ್ವಾಡಿಯೊಳಗಿಂದ ಬಂತು. ಅದರಾಗ ನೀರಿದ್ದಿಲ್ಲ, ಬಿಳಿ ನೂಲು ಹರೀತಿತ್ತು, ತೆರಿ ತೆರಿಯಾಗಿ. ನಾ ಲಾಳಿ ಆಗಿದ್ದೆ. ಈ ದಂಡಿಯಿಂದ ಆ ದಂಡಿಗೆ, ಆ ದಂಡಿಯಿಂದ ಈ ದಂಡಿಗೆ, ಒಂದು ಸಲನೂ ಬೀಳದ, ಒಂದು ನಾಯಿಗೂ ಬಡೀದ ಹೋಗಾಕತ್ತಿದ್ದೆ. ದಂಡಿ ಮ್ಯಾಲ ನಿಂತು ನಮ್ಮಪ್ಪ, "ನೋಡ್ರಿ, ನನ್ನ ಮಗ," ಅಂತ ಯಾರಿಗೋ ಹೇಳಾಕತ್ತಿದ್ದ. ದೂರ ಒಂದು ಪಣತಿ ಇತ್ತು. ಅದರ ಉರಿ ಮೂಗುತಿ ಹಳ್ಳಿನಷ್ಟಾತು, ಆಮ್ಯಾಲ ನೀಲಿ ಆತು, ಅದೂ ಮಲಗತೈತಿ ಅನಸ್ತು. ಮಲಗಲಿ ಬಿಡು ಅಂದೆ.

"ಬಾಣಂತಿ, ಉಂಡಿ ತಿಂದ್ಯಾ?" ಅಂತ ಯಾರೋ ಕೇಳಿದ್ರು.

"ಹೂಂ ರೀ ಅಕ್ಕಾರ," ಅಂದೆನಂತ.

"ರುಚಿ ಹೆಂಗೈತಿ?"

"ಹೂಂ ರೀ."

ಆಮ್ಯಾಲ ಅದೂ ಇಲ್ಲ. ಈ ಹುಡುಗ ಕೇಳಿದಷ್ಟಕ್ಕ ಉತ್ತರಾ ಕೊಡಾಕತ್ತಾನ ಅಂದ್ರ ಏನೋ ಆಗೇತಿ ಅಂತ ಅಕ್ಕಾರಿಗೆ ಅನಸ್ತಂತ. ಮುಂದ ಸುಮ್ಮನಾದ್ದು ಕೇಳಿ ಆ ತುಂಬ ಬಸರಿ ಎದ್ದು, ಅರಬಿ ಕಿತ್ತು, ಬಾಗಲಾ ಒದ್ದಾರ. ನನಗ ಎಚ್ಚರಾದಾಗ ಅಂಗಳದಾಗ ಬೋರಲ ಬಿದ್ದು ವಾಂತಿ ಮಾಡಾಕತ್ತಿದ್ದೆ. ತಲಿ ಇಬ್ಭಾಗ ಆದಂಗಿತ್ತು. ಸಾವ್ಕಾರ್ರು ಒಲಿ ಚಾವಿ ಮುಚ್ಚಿ ಬಂದು ಬೆನ್ನ ತಿಕ್ಕಾಕತ್ತಿದ್ರು.

ನಿಂದ್ರಾಕ ಬಂದ ಮ್ಯಾಲ ನಿಚ್ಚಣಕಿ ಹತ್ತಿ ಮಾಳಗಿ ಮ್ಯಾಲ ನೋಡಿದೆ. ನನ್ನ ಹೊಗಿ ಕೊಳವಿ ಮ್ಯಾಲ ಒಂದು ದೊಡ್ಡ ಗಡಗಿ ಬೋರಲ ಕುಂತಿತ್ತು. ಸುತ್ತಲೂ ಹಸಿ ಮಣ್ಣು ಮೆತ್ತಿತ್ತು.

"ನಾನ ಇಡಿಸಿದೆ," ಅಂದ್ರು ಆಯಿ, ಅಂಗಳದಾಗ ನಿಂತು. "ಬೆಳಕಿಂಡಿ ಮ್ಯಾಲ ಗಡಗಿ ಇಡೂದು ಹೊಸಾದೇನು? ಮಳಿ ಬಂದ್ರ ಇಡತೇವಿ, ಥಂಡಿ ಬಂದ್ರ ಇಡತೇವಿ. ಬಾಣಂತಿ ಮೈಗೆ ಗಾಳಿ ಇಳದ್ರ ಸನ್ನಿ ಆಕ್ಕೈತಿ. ಹಂಗ ಸತ್ತ ಇಬ್ಬರನ್ನ ನಾ ನೋಡೇನಿ, ನೀ ನೋಡೀಯೇನು?"

ನಾ ನೋಡಿದ್ದಿಲ್ಲ.

"ಗಡಗಿ ತಗದು ಒಗಿ, ಮುಗೀತಲ್ಲ," ಅಂದ್ರು ಸಾವ್ಕಾರ್ರು.

ನಾ ಕೆಳಗ ಇಳದು, ಮುಖ್ಯ ಚಾವಿ ಮುಚ್ಚಿ, ಖೋಲಿಯೊಳಗ ಹೋಗಿ, ಪೈಪಿನಿಂದ ಒಲಿ ಬಿಚ್ಚಿ, ಪೈಪಿನ ಬಾಯಿ ಮುಚ್ಚೂ ಡಾಟು ತಿರುವಿದೆ.

"ಇದೇನ ಮಾಡಾಕತ್ತಿ?"

"ಬಿಚ್ಚಾಕತ್ತೇನ್ರಿ. ನಾ ಊರ ಅಗಸಿ ಬಾಗಲಾ ದಾಟೂದರಾಗ ಗಡಗಿ ಮತ್ತ ಮ್ಯಾಲ ಕುಂದ್ರತೈತಿ. ಆವಾಗ ಒಳಗ ಇರಾವ್ರು ನನ್ನಂಗ ಒಟ ಒಟ ಅನ್ನಾವ್ರಲ್ಲ. ನಿದ್ದಿ ಹತ್ತೇತಿ ಅಂತ ಎಲ್ಲಾರೂ ಸುಮ್ಮನಿರತೀರಿ. ಅಲ್ಲಿ ಭಾಳ ಛಂದ ಇರತೈತ್ರಿ ಸಾವ್ಕಾರ್ರ. ಬರಬೇಕು ಅನಸಂಗಿಲ್ಲ."

"ನಿಮ್ಮ ಮೇಸ್ತ್ರಿನ್ನ ಕರಸ್ತೇನಿ."

"ಕರಸ್ರಿ. ಅವರು ಬರೂತನಕ ಕೂಸು ತಡೀತೈತೇನ ಅಕ್ಕಾರನ್ನ ಕೇಳ್ರಿ."

ಸಾವ್ಕಾರ್ರ ಮಾರಿ ಕೆಂಪಾತು. ಅಕ್ಕಾರು ಗ್ವಾಡಿ ಮಾಡದ ಕಡೆ ಬಟ್ಟು ಮಾಡಿದ್ರು. ಪಣತಿ ಆರಿತ್ತು. ಎಣ್ಣಿ ತುಂಬ ಇತ್ತು, ಬತ್ತಿ ಉದ್ದ ಇತ್ತು, ಮುಚ್ಚಿದ ಖೋಲ್ಯಾಗ ಗಾಳಿ ಬೀಸಿದ್ದಿಲ್ಲ. ಆಯಿ ಮುಂದ ಬಂದು ಬತ್ತಿ ಮುಟ್ಟಿ ನೋಡಿದ್ರು.

"ಹ್ವಾದ ಸಲನೂ ಹಿಂಗ ಆಗಿತ್ತು," ಅಂದ್ರು. "ನಾ ಮತ್ತ ಮತ್ತ ಹಚ್ಚತಿದ್ದೆ. ಎಣ್ಣ್ಯಾಗ ನೀರು ಸೇರೇತಿ ಅಂತ ಗಾಣಿಗನ್ನ ಬೈದೆ."

ನನಗ ಗಾಳಿ ಬೇಕು, ಆಯಿಗೆ ಗಾಳಿ ಬ್ಯಾಡ. ಇಷ್ಟೊತ್ತು ಬೇಕು ಅಂತ ಒದರಿ ಆಗಿತ್ತು. ಈಗ ಬ್ಯಾರೆ ಕೇಳಿದೆ. "ಆಯಿ, ಗಾಳಿ ಎಲ್ಲೆಲ್ಲಿ ತಾಕಬಾರದು ತೋರಸ್ರಿ."

ಆಯಿ ಹೊರಸಿನ ತಲಿದಿಂಬಿನ ಕಡೆ ತೋರಿಸಿದ್ರು, ತೊಟ್ಟಲ ಕಟ್ಟೂ ತೊಲಿ ತೋರಿಸಿದ್ರು.

"ಒಲಿ ಹಿಂದ?"

"ಒಲಿಗೇನು ಸನ್ನಿ ಆಕ್ಕೈತೇನು?"

ಒಲಿ ಹಿಂದ, ನೆಲದ ಮಟ್ಟಕ್ಕ, ಹೊರಗಿನ ಗ್ವಾಡಿಗೆ ತೂತು ಕೊರದೆ. ಇಲಿ ಬರಬಾರದು ಅಂತ ಜಾಳಗಿ ಹಚ್ಚಿದೆ. ಹೊರಗಿನ ಗಾಳಿ ಸೀದಾ ಉರಿಗೆ ಹೋಗಬೇಕು, ಹೊರಸಿಗೆ ಬರಬಾರದು. ಮ್ಯಾಲ ಗಡಗಿನ ಒಗೀಲಿಲ್ಲ. ಅದರ ಕೆಳಗ ಮೂರು ಕಲ್ಲಿಟ್ಟು ಎತ್ತಿ ಕೂಡಿಸಿ, ಕಲ್ಲಿಗೆ ಮಣ್ಣು ಮೆತ್ತಿದೆ. ಮಳಿ ಒಳಗ ಬರಂಗಿಲ್ಲ, ಹೊಗಿ ಹೊರಗ ಹೋಗತೈತಿ, ಬೆಳಕಿಂಡಿ ಮ್ಯಾಲ ಗಡಗಿ ಇತ್ತು ಅನ್ನೂ ಸಮಾಧಾನ ಆಯಿಗೆ. ಮತ್ತ ನೂಲು, ಸಫೇದಾ, ಬುರುಗು, ಸುಣ್ಣದ ಗೀಟು. ಈ ಸಲ ಗೀಟು ನೋಡಾಕ ಆಯಿ ನನ್ನ ಬಾಜೂಕ ಕುಂತ್ರು.

ಒಲಿ ಹಚ್ಚಿ ಬಾಗಲಾ ಮುಚ್ಚಿ ನಾವಿಬ್ಬರೂ ಒಳಗ ಕುಂತ್ವಿ. ಆಯಿ ತೊಟ್ಟಲ ತೊಲಿಗೆ ಒಂದು ನೂಲಿನ ಎಳಿ ಇಳಿಬಿಟ್ರು. ಅದು ಅಲಗಾಡಿದ್ರ ಗಾಳಿ ಬಂತು, ನನ್ನ ಕೆಲಸ ಕೆಟ್ಟಂಗ. ನಾ ಪಣತಿ ನೋಡಿಕೋತ ಕುಂತೆ. ಅದು ಮಂಕಾದ್ರ ಗಾಳಿ ಸಾಲವಲ್ದು, ಅವರ ಖೋಲಿ ಕೆಟ್ಟಂಗ. ಜಾಳಗಿ ಕೆಂಪಗ ಉರೀತು. ಆಯಿ ತೂಕಡಿಸಿದ್ರ ನಾ ಅಂಜಿ ಎಬ್ಬಿಸ್ತಿದ್ದೆ. "ಬಿಡೋ ಮೂಳಾ, ಇದು ನನ್ನ ಸ್ವಂತ ನಿದ್ದಿ," ಅಂತಿದ್ರು. ಎಳಿ ಅಲಗಾಡಲಿಲ್ಲ. ಪಣತಿ ಮಂಕಾಗಲಿಲ್ಲ.

"ಪಣತಿ ಛಲೋ ಐತಿ ಅಂತ ಬರೆ ಅದನ್ನ ನಂಬಬ್ಯಾಡ್ರಿ. ಅದಕ್ಕ ತಿಳೀದ ಇಷನೂ ಇರತೈತಿ ಅಂತಾರ ನಮ್ಮ ಮೇಸ್ತ್ರಿ. ತೂತೂ ಗಡಗಿನೂ ದಿನಾ ನೋಡ್ರಿ," ಅಂದೆ.

"ಮತ್ತ ಬಾಗಲದಾಗ ಕುಂತು ಮಾತಾಡಿಸ್ತೇವಿ," ಅಂದ್ರು ಆಯಿ. "ಉತ್ತರಾ ಬರಬೇಕು. ಬರೆ ಹೂಂ ಅಂದ್ರ ಬಾಗಲಾ ಒದೀತೇನಿ."

ಎರಡು ದಿನಕ್ಕ ಅಕ್ಕಾರಿಗೆ ಬ್ಯಾನಿ ಬಂದ್ವು. ಮತ್ತೇನೆರ ಸೋರಿದ್ರ ಇರಲಿ ಅಂತ ನನ್ನ ಹೋಗಗೊಟ್ಟಿದ್ದಿಲ್ಲ. ಬ್ಯಾನಿ ಬಂದ ಮ್ಯಾಲ ಗಂಡಸರು ಒಳಗ ಹೋಗೂಹಂಗಿಲ್ಲ. ಮಾಳಗಿ ಮ್ಯಾಲ ಕುಂತು ಗಡಗಿ ಕಾಯತಿದ್ದೆ. ಕೆಳಗಿಂದ ಹೊಗಿ ಅಲ್ಲ, ಬರೆ ಬಿಸಿ ಗಾಳಿ ಬರತಿತ್ತು. ಅದರಾಗ ದೂರದ ಹೊಲ ನಡುಗಿ ನೀರಿನಂಗ ಕಾಣತಿದ್ವು. ಹೊತ್ತು ಏರಿದ ಮ್ಯಾಲ ಆ ಕೊಳವಿಯೊಳಗಿಂದ ಒಂದು ಒದರಾಟ ಮ್ಯಾಲ ಬಂತು, ಸಣ್ಣದು, ಸಿಟ್ಟಿಂದು, ಕೆಮ್ಮಿಲ್ಲದ್ದು.

ಇನ್ನೂ ಸ್ವಲ್ಪ ಹೊತ್ತಿಗೆ ಅದ ಕೊಳವಿಯೊಳಗಿಂದ ಅಕ್ಕಾರ ದನಿ ಬಂತು, ದಣದಿತ್ತು, ಆದ್ರ ನಗು ಇತ್ತು. "ಏನೋ ಗ್ಯಾಸಿನವಾ, ಮ್ಯಾಲ ಅದೀಯೇನು? ಕೂಸು ಪಕ್ಕಡದಂಗ ಬಾಯಿ ತಗದೈತಿ, ಮುಚ್ಚವಲ್ದು. ನಿಂದ ಮಾತ ಖರೆ ಆತು."

ಉತ್ತರಾ ಕೊಡಾಕ ಬಾಯಿ ತಗದೆ. ವಸ್ತ್ರಲೆ ಮಾರಿ ಒತ್ತಿ ಹಿಡಕೊಂಡೆ.

ಕೆಳಗ ಗಡಿಬಿಡಿ ಎದ್ದು, ಮತ್ತ ಅಕ್ಕಾರ ದನಿ ಕೇಳಸ್ತು.

"ಆಯಿ, ಲಗೂನ ಹೋಗಿ ಮ್ಯಾಲ ನೋಡ. ಆ ಹುಡುಗ ಸುಮ್ಮನಾಗ್ಯಾನ."